ವಿಮರ್ಶಕರು ಊಟದ ಸಾಲಿನಲ್ಲಿ

ಇಟಲಿಯ ಒಬ್ಬ ಲೇಖಕರ ಮೇಲೆ ನನಗೆ ಬಹಳ ಭಕ್ತಿ. ಹತ್ತೊಂಬತ್ತನೆಯ ಶತಮಾನದವರು, ಕವಿತೆ, ಕಾದಂಬರಿ, ನಾಟಕ, ವಿಮರ್ಶೆ, ಯಾವುದನ್ನೂ ಬಿಟ್ಟವರಲ್ಲ. ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಯಾವ ಪುಸ್ತಕ ಓದಿದ್ದೀಯ ಎಂದು ಕೇಳುತ್ತೀರಿ. ನಾನು ಓದಿದ್ದು ಅವರ ಜೀವನಚರಿತ್ರೆ ಮಾತ್ರ, ಅದೂ ಆಫೀಸಿನ ಕೆಲಸ ಮುಗಿಸಿ ಪರ್ತ್‌ನಿಂದ ಅಡಿಲೇಡಿಗೆ ಮರಳುವಾಗ ವಿಮಾನದಲ್ಲಿ.

ಅವರ ಮೊದಲ ನಾಟಕವನ್ನು ಜನ ಕೂಗಾಡಿ ಅರ್ಧಕ್ಕೇ ನಿಲ್ಲಿಸಿದ್ದರಂತೆ. ಹಾಗಾಗಿ ವಿಮರ್ಶಕರಾದ ಮೇಲೆ, ಎಂಥ ಕಳಪೆ ನಾಟಕವಾದರೂ ಪರದೆ ಬೀಳುವ ತನಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲವಂತೆ. ವಿಮಾನ ಇಳಿಯುವಷ್ಟರಲ್ಲಿ ನಾನೂ ವಿಮರ್ಶಕನಾಗಬೇಕೆಂದು ನಿರ್ಧರಿಸಿಬಿಟ್ಟೆ. ಕುರ್ಚಿಯ ವಿಷಯ ಮಾತ್ರ ಮರೆತುಹೋಯಿತು.

ನಮ್ಮ ಅಡಿಲೇಡಿನ ಕನ್ನಡ ಸಂಘದ ಕಾರ್ಯಕ್ರಮಗಳಲ್ಲೊಂದು ಪದ್ಧತಿಯಿದೆ. ಕೊನೆಯ ಐಟಂ ಅರ್ಧಕ್ಕೆ ಬಂದಾಗ ಗಂಡಸರು ಒಬ್ಬೊಬ್ಬರಾಗಿ, ಫೋನ್ ಬಂದವರಂತೆ ಮುಖ ಮಾಡಿಕೊಂಡು ಹೊರಗೆ ಜಾರುತ್ತಾರೆ. ಅಲ್ಲಿ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆದಿರುತ್ತದೆ. ಊರಿನ ಸ್ಯಾಲಿಸ್‌ಬರಿ ಬಡಾವಣೆಯ ಹಾಲ್‌ನಲ್ಲಿ ಸಂಘದ ವಾರ್ಷಿಕೋತ್ಸವ ನಡೆದ ಸಂಜೆ, ಕೊನೆಯ ಐಟಂ ಮಾಲತಿ ಆಂಟಿ ಬರೆದ ನಾಟಕ. ಅಮ್ಮ ಕನ್ನಡದಲ್ಲಿ ಕೇಳುತ್ತಾಳೆ, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಜಗಳ ಬೆಳೆಯುತ್ತದೆ. ಮಗಳಾಗಿ ನಟಿಸಿದ್ದು ಆಂಟಿಯ ಸ್ವಂತ ಮಗಳು ದಿವ್ಯಾ. ಕೊನೆ ಏನೆಂದು ಊಹಿಸಲು ಮಹಾ ಬುದ್ಧಿ ಬೇಕೇ? ನನಗೂ ಫೋನ್ ಬಂತು, ಎದ್ದೆ.

ಮರುದಿನ ಸಂಘದ ವಾಟ್ಸಾಪ್ ಗುಂಪಿನಲ್ಲಿ ನನ್ನ ವಿಮರ್ಶೆ ಹೊರಬಿತ್ತು. "ಕೊನೆಯಲ್ಲಿ ಮಗಳು ಕನ್ನಡದಲ್ಲಿ ಅಮ್ಮಾ ಎಂದು ತಬ್ಬಿಕೊಳ್ಳುವುದು ಅಗ್ಗದ ಭಾವುಕತೆ" ಎಂದು ಬರೆದಿದ್ದೆ. ಬ್ರಿಸ್ಬೇನಿನ ಗೆಳೆಯನಿಗೂ ಕಳಿಸಿದೆ. ಎಂಥ ನಿರ್ಭೀತ ಬರವಣಿಗೆ ಎಂದು ಹೊಗಳಿದ.

ಆ ವಾರವೇ ಆಂಟಿ, ದಿವ್ಯಾ ಇಬ್ಬರೂ ಇಂಡಿಯನ್ ಅಂಗಡಿಯಲ್ಲಿ ಎದುರಾದರು. ಆಂಟಿಯೇ ಮಾತೆತ್ತಿದರು.

"ಆ ಥರ ಕೊನೆ ಮಾಡಿ ಅಂತ ಎಲ್ರೂ ಹೇಳಿದ್ರು ಕಣಪ್ಪ, ನಾನು ಮಾಡ್ಲಿಲ್ಲ. ಮಗಳು ಬಾಗಿಲು ಹಾಕ್ಕೊಂಡು ಹೋಗ್ತಾಳೆ, ಅಮ್ಮ ಒಬ್ಬಳೇ ನಿಂತಿರ್ತಾಳೆ. ಅಷ್ಟೇ. ಅದನ್ನ ಪ್ರಾಕ್ಟೀಸ್ ಮಾಡುವಾಗ ನಾವಿಬ್ರೂ ಎಷ್ಟು ಅತ್ತಿದ್ದೀವಿ ಗೊತ್ತಾ? ನೀನು ಬರೆದದ್ದು ಓದಿ, ಇನ್ಮೇಲೆ ನಾಟಕ ಸಾಕು ಅನ್ನಿಸಿಬಿಡ್ತು."

ದಿವ್ಯಾ ತಣ್ಣಗೆ ಹೇಳಿದಳು: "ಅಮ್ಮಾ, ಅಂಕಲ್ ವಾಸ್ ಇನ್ ದ ಫುಡ್ ಕ್ಯೂ. ಐ ಸಾ ಹಿಮ್ ಫ್ರಮ್ ದ ಸ್ಟೇಜ್."

ಆ ಹಾಲ್‌ನಲ್ಲಿ ಸ್ಟೇಜಿನ ಎದುರಿಗೇ ಗಾಜಿನ ಬಾಗಿಲು, ಅದರಾಚೆ ಊಟದ ಸಾಲು. ಅವಳು ಅಮ್ಮನನ್ನು ಬಿಟ್ಟು ಹೋಗುವ ಅಭಿನಯ ಮಾಡುತ್ತಿದ್ದಾಗ, ನಾನು ತಟ್ಟೆ ಹಿಡಿದು ಬೆಳಕಿನಲ್ಲಿ ನಿಂತಿದ್ದೆ. ಅಂಗಡಿಯ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದೇ ವಾಟ್ಸಾಪ್ ಗುಂಪಿನಲ್ಲಿ ನಿಜ ಬರೆದು ಕ್ಷಮೆ ಕೇಳಿದೆ. ಕೆಲವರು ನಗುವ ಮುಖದ ಇಮೋಜಿ ಹಾಕಿದರು. ಅವರೂ ಸಾಲಿನಲ್ಲಿ ನನ್ನ ಹಿಂದೆ ಇದ್ದವರೇ.

ನಿನ್ನೆ ಆಂಟಿಯ ಫೋನ್, ಈ ಸಲ ನಿಜವಾಗಿಯೂ. "ಯುಗಾದಿಗೆ ಹೊಸ ನಾಟಕ. ಊಟ ಮೊದಲೇ ಇಡಿಸಿದ್ದೀನಿ, ಹೊಟ್ಟೆ ತುಂಬಾ ತಿಂದು ಬಂದು ಕೂತ್ಕೊ. ಚೆನ್ನಾಗಿಲ್ಲ ಅಂತಾನೇ ಬರಿ, ಆದ್ರೆ ನೋಡಿ ಬರಿ."

ಇಟಲಿಯ ಆ ಲೇಖಕರ ಕಾದಂಬರಿಯೊಂದನ್ನು ಲೈಬ್ರರಿಯಿಂದ ತಂದಿದ್ದೇನೆ. ಹೇಗಿದೆ ಎಂದು ಈಗಲೇ ಕೇಳಬೇಡಿ, ಇನ್ನೂ ಅರ್ಧ ಬಾಕಿಯಿದೆ.