ಒಲೆ ಕಾಣದ ಪಾತ್ರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಅವ್ವ ಹೋಗಿ ಬಹಳ ವರ್ಷವಾಯಿತು, ಸಿಟ್ಟು ಇನ್ನೂ ಅಲ್ಲೇ ಇದೆ. ಈ ವರ್ಷ ರಮ್ಜಾನ್ ಹಬ್ಬಕ್ಕೆ ಒಂದು ವಾರ ಮುಂಚೆ ಸವದತ್ತಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅದು ಮತ್ತೊಮ್ಮೆ ಹೊರಗೆ ಬಂತು. ಗಣಿತದ ಮಾಸ್ತರರು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡುತ್ತ, ಮುಸಲ್ಮಾನರ ಓಣಿಗಳು ಎಲ್ಲ ಊರಲ್ಲೂ ಹೀಗೇ, ಹೊರಗಿನವರು ಕಾಲಿಡುವ ಹಾಗಿಲ್ಲ, ನಮ್ಮೂರಲ್ಲೂ ಬೇರೆ ಏನಿಲ್ಲ ಎಂದರು. ಉಳಿದವರು ಚಹಾ ಕುಡಿಯುತ್ತ ತಲೆ ಆಡಿಸಿದರು.

ನಾನು ಆರು ವರ್ಷದಿಂದ ಅದೇ ಓಣಿಯಲ್ಲಿ ಬಾಡಿಗೆಗೆ ಇದ್ದೇನೆ. ಅವರಿಗೂ ಅದು ಗೊತ್ತು. ಉತ್ತರಪತ್ರಿಕೆಯ ಕಟ್ಟನ್ನು ಟೇಬಲ್ಲಿಗೆ ಕುಕ್ಕಿ ಕೇಳಿದೆ: ನೀವು ಎಂದಾದರೂ ಒಳಗೆ ಬಂದಿದ್ದೀರಾ? ಬಂದಿಲ್ಲ. ಯಾರಾದರೂ ತಡೆದರಾ? ಇಲ್ಲ. ಅವರ ಮನೆಗೂ ನಮ್ಮ ಓಣಿಗೂ ನಡುವೆ ಇರುವುದು ಒಂದು ಹಿಟ್ಟಿನ ಗಿರಣಿ, ಒಂದು ಗಟಾರ. ಇವತ್ತು ಸಂಜೆಯೇ ಬನ್ನಿ, ಎಲ್ಲರೂ ಬನ್ನಿ, ಚಹಾ ನನ್ನದು ಎಂದೆ. ಮಾಸ್ತರರು ಸಿಟ್ಟಾಗಲಿಲ್ಲ, ನಕ್ಕರು.

"ಅಕ್ಕೋರ, ನಾ ಏನ್ ಹೊಸಾದ್ ಹೇಳಾಕತ್ತಿಲ್ಲ. ಇಷ್ಟ ವರ್ಷಾದ್ರೂ ಒಂದ ದಿನ ಒಳಗ ಕರದ ಉಣ್ಣಾಕ ಹಾಕಿಲ್ಲಂತ ಹ್ವಾದ ವರ್ಷ ನೀವ ಹೇಳಿದ್ರಲ್ಲಾ."

ಹೇಳಿದ್ದು ನಿಜ. ಹೋದ ರಮ್ಜಾನಿನ ಮರುದಿನ, ಹಬ್ಬದ ಶ್ಯಾವಿಗೆ ಪಾಯಸ, ಸುರಕುಂಬಾ, ಹೇಗಿತ್ತು ಅಕ್ಕೋರ ಎಂದು ಯಾರೋ ಚೇಷ್ಟೆ ಮಾಡಿದಾಗ, ಒಳಗಿನ ಕಹಿಯನ್ನು ಅಲ್ಲೇ ಕಾರಿಕೊಂಡಿದ್ದೆ. ನಾನು ಬಿಟ್ಟ ಮಾತು ಒಂದು ವರ್ಷ ಅವರಿವರ ಬಾಯಲ್ಲಿ ತಿರುಗಾಡಿ, ಸಾಕ್ಷಿಯಾಗಿ ನನ್ನೆದುರೇ ಬಂದು ನಿಂತಿತ್ತು.

ಆ ಓಣಿಗೆ ನಾನು ಬಂದದ್ದು ಪ್ರೀತಿಯಿಂದೇನೂ ಅಲ್ಲ. ಎಂ.ಕೆ. ಹುಬ್ಬಳ್ಳಿಯ ಕಡೆಯವಳು ನಾನು. ಮನೆಯವರು ಕಬ್ಬು ಬೆಳೆಯುವವರು, ಲಿಂಗವಂತರು. ಮದುವೆ ಕೂಡಿ ಬರಲಿಲ್ಲ, ಆಮೇಲೆ ನಾನೇ ಬೇಡವೆಂದೆ. ಸವದತ್ತಿಗೆ ವರ್ಗವಾದಾಗ ನಮ್ಮವರದೇ ಓಣಿಗಳಲ್ಲಿ ಮನೆ ಹುಡುಕಿದೆ. ಪ್ರತಿ ಮನೆಯಲ್ಲೂ ಕುಲ ಕೇಳಿ ಮುಖ ಅರಳಿಸುತ್ತಿದ್ದರು, ಆಮೇಲೆ ಮನೆಯಲ್ಲಿ ಯಾರ್ಯಾರು ಇರುತ್ತೀರಿ ಎಂದು ಕೇಳುತ್ತಿದ್ದರು. ಒಬ್ಬಳೇ ಎಂದ ಕೂಡಲೇ ಮಗ ಬರುವವನಿದ್ದಾನೆ, ಸುಣ್ಣ ಹಚ್ಚಿಸಬೇಕು, ಮುಂದಿನ ತಿಂಗಳು ನೋಡೋಣ ಎಂದು ಒಂದೊಂದು ನೆಪ ಹೇಳುತ್ತಿದ್ದರು. ಐವತ್ತು ದಾಟುತ್ತಿದ್ದ ಹೆಂಗಸು ಒಬ್ಬಳೇ ಇದ್ದರೆ ಇವರಿಗೆ ಏನು ಆಗುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಹದಿನೈದು ದಿನ ಲಾಡ್ಜಿನಲ್ಲಿದ್ದೆ. ಕಡೆಗೆ ಶಾಲೆಯ ಜವಾನ ಈ ಓಣಿಯ ಒಂದು ಮನೆ ತೋರಿಸಿದ.

ಮನೆಯ ಮಾಲಕಿ ಎಪ್ಪತ್ತು ದಾಟಿದ ಮುದುಕಿ, ಓಣಿಗೆಲ್ಲ ಅಮ್ಮ. ಹಿಂದಿನ ಭಾಗದಲ್ಲಿ ಮಗ, ಸೊಸೆಯೊಡನೆ ಇದ್ದಳು. ಮುಂದಿನ ಎರಡು ಕೋಣೆ ಬಾಡಿಗೆಗೆ. ನಡುವೆ ಒಂದು ಅಂಗಳ, ನುಗ್ಗೆಮರ, ನೀರಿನ ತೊಟ್ಟಿ. ಒಬ್ಬಳೇ ಇರುತ್ತೇನೆ ಎಂದು ನಾನೇ ಮೊದಲು ಹೇಳಿದೆ, ಜಗಳಕ್ಕೆ ಸಿದ್ಧಳಾಗಿ. ಅಮ್ಮ, ಬಿಸಿಲಲ್ಲಿ ಬಂದೀರಿ, ನೀರು ತರಲೇನು ಎಂದು ಎದ್ದಳು. ನನಗೆ ಒಳಗೆ ಅಳುಕು, ಅಳುಕಿದಾಗ ನನ್ನ ನಾಲಿಗೆ ಬಿರುಸಾಗುತ್ತದೆ.

"ನಾವು ಲಿಂಗವಂತರ್ರೀ. ಬ್ಯಾರೇ ಕಡೆ ನೀರ್ ಸೈತ ಮುಟ್ಟಂಗಿಲ್ಲ," ಎಂದೆ.

ಸುಳ್ಳು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರು ಕರಿದ ಮಿರ್ಚಿ ಎಂದು ಕೇಳದೆ ತಿಂದವಳು ನಾನು. ಅಮ್ಮ ನಿಂತಲ್ಲೇ ನಿಂತು, "ಆತ್ರೀ ಅಕ್ಕೋರ, ನಿಮ್ಮ ನೇಮ ನಿಮಗ," ಎಂದು ಕೀಲಿಕೈ ಕೊಟ್ಟಳು. ನಾನಾಡಿದ ಆ ಮಾತನ್ನು ನಾನು ಸಂಜೆಯೊಳಗೆ ಮರೆತೆ.

ಹೊರಗಿನವರು ಬರುವುದಿಲ್ಲವಂತೆ! ಬೆಳಿಗ್ಗೆ ಹಾಲಿನವನು ಬರುತ್ತಾನೆ, ಅವನು ಹಣೆಗೆ ವಿಭೂತಿ ಬಡಿದುಕೊಂಡೇ ಬರುತ್ತಾನೆ. ಉಗರಗೋಳದ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಸೊಪ್ಪು ಹೊತ್ತು ತಂದು, ನುಗ್ಗೆಮರದ ನೆರಳಲ್ಲಿ ಕೂತು ಎಲೆಅಡಿಕೆ ಹಾಕಿ, ಅಮ್ಮನ ಜೊತೆ ಸೊಸೆಯರ ಸುದ್ದಿ ಮಾತಾಡಿಯೇ ಏಳುತ್ತಾರೆ. ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವ ಜೋಗತಿಯರು ಎಲ್ಲಮ್ಮನ ಕೊಡ ಹೊತ್ತು ಓಣಿ ಹಾಯುವಾಗ ಅಮ್ಮ ಮೊರದಲ್ಲಿ ಜೋಳ ತಂದು ಹಾಕುತ್ತಿದ್ದಳು, ಅವಳ ಅತ್ತೆಯೂ ಹಾಕುತ್ತಿದ್ದಳಂತೆ. ಓಣಿ ಸ್ವರ್ಗವೇನಲ್ಲ. ಗಟಾರ ನಾರುತ್ತದೆ, ಎದುರು ಮನೆಯವಳಿಗೆ ನನ್ನ ಪಗಾರದಿಂದ ಮಂಡಿನೋವಿನ ತನಕ ಎಲ್ಲ ಬೇಕು, ಬೈಕಿನ ಹುಡುಗರಿಗೆ ನಾನು ಬೈಯದ ದಿನವಿಲ್ಲ. ಆದರೆ ಬಾಗಿಲು ಹಾಕಿಕೊಂಡು ಕೂರುವ ಜನ ಇವರಲ್ಲ. ಸಂಜೆ ನಾಲ್ಕಾದರೆ ಓಣಿಯ ಅರ್ಧ ಸಂಸಾರ ಕಟ್ಟೆಯ ಮೇಲೇ ಇರುತ್ತದೆ.

ಬರದೇ ಇದ್ದವರು ನನ್ನವರು. ತಮ್ಮ ವರ್ಷಕ್ಕೆ ಮೂರು ನಾಲ್ಕು ಸಲ ಊರಿನಿಂದ ಬರುತ್ತಾನೆ. ಬೆಲ್ಲ, ಜೋಳ, ಶೇಂಗಾ ತರುತ್ತಾನೆ. ಓಣಿಯ ಮೂಲೆಯ ಔಷಧಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಫೋನ್ ಮಾಡುತ್ತಾನೆ, "ಹೊರಗ ಬಾರ ಅಕ್ಕಾ" ಎಂದು. ಆರು ವರ್ಷವೂ ಆ ಚೀಲಗಳನ್ನು ನಾನೇ ಎಳೆದುಕೊಂಡು ಬಂದೆ. ಮನೆಯೊಳಗೆ ಎರಡು ಕುರ್ಚಿ ಇವೆ. ಒಂದರ ಮೇಲೆ ನಾನು ಕೂರುತ್ತೇನೆ, ಇನ್ನೊಂದರ ಮೇಲೆ ಇಸ್ತ್ರಿ ಮಾಡಿದ ಸೀರೆಗಳು ಇರುತ್ತವೆ.

ಆ ಕುರ್ಚಿಯ ಸೀರೆಗಳನ್ನು ಎತ್ತಿ ಬದಿಗಿಡುತ್ತಿದ್ದದ್ದು ಅಮ್ಮನಿಗಾಗಿ ಮಾತ್ರ. ಸಂಜೆ ಒಮ್ಮೊಮ್ಮೆ ಬಂದು ಕೂರುತ್ತಿದ್ದಳು. ನಾನು ಚಹಾ ಕೊಡುತ್ತಿದ್ದೆ, ನೀಲಿ ಹೂವಿನ ಪಿಂಗಾಣಿ ಕಪ್ಪಿನಲ್ಲಿ. ಅವಳು ಕುಡಿಯುತ್ತಿದ್ದಳು, ಪೇಪರಿನ ಸುದ್ದಿ ಓದಿಸಿ ಕೇಳುತ್ತಿದ್ದಳು. ಆದರೆ ಒಂದು ದಿನವೂ ತನ್ನ ಅಡಿಗೆಮನೆಯ ಕಡೆ ನನ್ನನ್ನು ಕರೆಯಲಿಲ್ಲ.

ರಮ್ಜಾನ್ ಬಂತೆಂದರೆ ನನಗೆ ಇದೇ ಚುಚ್ಚುತ್ತಿತ್ತು. ಹಬ್ಬದ ಬೆಳಿಗ್ಗೆ ಅಮ್ಮ ಹೊಸ ಸೀರೆ ಉಟ್ಟು ನನ್ನ ಹೊಸ್ತಿಲಿಗೆ ಬರುತ್ತಿದ್ದಳು. ಮುಚ್ಚಿದ ತಾಟಿನಲ್ಲಿ ಹಸಿ ಸಾಮಾನು: ಹುರಿಯದ ಶ್ಯಾವಿಗೆ, ಸಕ್ಕರೆ, ಉತ್ತತ್ತಿ, ಗೋಡಂಬಿ, ಗಸಗಸೆ, ಸಣ್ಣ ಡಬ್ಬಿಯಲ್ಲಿ ತುಪ್ಪ, ಒಂದು ಹಾಲಿನ ಪಾಕೀಟು. ನೀವೇ ಮಾಡಿಕೊಳ್ಳಿ ಅಕ್ಕೋರ ಎಂದು ಕೊಟ್ಟು ಹೋಗುತ್ತಿದ್ದಳು. ಗೋಡೆಯಾಚೆ ಅವರ ದೊಡ್ಡ ಪಾತ್ರೆಯಲ್ಲಿ ಹಾಲು ಕುದ್ದು ಘಮ್ಮೆನ್ನುತ್ತಿತ್ತು, ಬಂದವರ ನಗೆ, ಬಟ್ಟಲುಗಳ ಸದ್ದು. ನಾನು ಒಬ್ಬಳಿಗೆ ಸಾಲುವಷ್ಟು ಸುರಕುಂಬಾ ಮಾಡಿ, ಟಿವಿ ಮುಂದೆ ಕೂತು, ಒಬ್ಬಳೇ ತಿನ್ನುತ್ತಿದ್ದೆ. ಒಬ್ಬಳಿಗಾಗಿ ಮಾಡಿದ ಸಿಹಿ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ವರ್ಷ ಅರ್ಧ ಮೋರಿಗೆ ಸುರಿದು, ತಮ್ಮನಿಗೆ ಫೋನಿನಲ್ಲಿ ಅತ್ತುಬಿಟ್ಟೆ. ಎಷ್ಟು ಮಾಡಿದರೂ ಇವರು ನಮ್ಮನ್ನು ಹೊಸ್ತಿಲಲ್ಲೇ ಇಡುತ್ತಾರೆ ಎಂದೆ. ನಾನು ಮೊದಲೇ ಹೇಳಿರಲಿಲ್ಲವೇ ಎಂದ ಅವನು.

ಹೋದ ಕಾರ್ತಿಕದಲ್ಲಿ ಅಮ್ಮ ತೀರಿಕೊಂಡಳು. ಮೂರು ದಿನದ ಜ್ವರ, ಅಷ್ಟೇ. ಆ ದಿನ ನಾನು ಅಂಗಳದ ತೊಟ್ಟಿಯ ಹತ್ತಿರ ಹೆಂಗಸರ ನಡುವೆ ನಿಂತಿದ್ದೆ. ಯಾರೂ ನನ್ನನ್ನು ಯಾಕೆ ಬಂದೆ ಎಂದು ಕೇಳಲಿಲ್ಲ. ಅದಾದ ಮೇಲೆ ಎರಡನೆಯ ಕುರ್ಚಿಯ ಸೀರೆಗಳನ್ನು ಎತ್ತುವ ಕೆಲಸವೂ ಉಳಿಯಲಿಲ್ಲ.

ಸ್ಟಾಫ್ ರೂಮಿನಲ್ಲಿ ಬಾಯಿ ಕಟ್ಟಿಸಿಕೊಂಡು ಬಂದ ವಾರವೆಲ್ಲ ನನಗೆ ಒಂದೇ ಸಂಕಟ. ನನ್ನ ಮಾತು ನಿಜವಾದರೆ ಮಾಸ್ತರರ ಮಾತೂ ನಿಜವಾಗುತ್ತದೆ, ಸುಳ್ಳಾದರೆ ನಾನು ಇಷ್ಟು ವರ್ಷ ಯಾವ ನೋವನ್ನು ಸಾಕಿಕೊಂಡು ಬಂದೆ? ಕೇಳಿ ತಿಳಿಯೋಣವೆಂದರೆ ಅಮ್ಮನೇ ಇಲ್ಲ. ಹಬ್ಬದ ಬೆಳಿಗ್ಗೆ ಸೊಸೆ ಬಂದಳು. ಅದೇ ತಾಟು, ಅದೇ ಹಸಿ ಸಾಮಾನು. ನನಗೆ ತಡೆಯಲಾಗಲಿಲ್ಲ. ತಾಟು ಕೈಗೆ ತೆಗೆದುಕೊಳ್ಳದೆ, ಹಬ್ಬದ ದಿನ ಎಂಬುದನ್ನೂ ಮರೆತು ಕೇಳಿಯೇಬಿಟ್ಟೆ.

"ನಿಮ್ಮತ್ತಿ ನನ್ನ ಒಂದ ದಿನಾರ ಒಳಗ ಯಾಕ ಕರೀಲಿಲ್ಲವ್ವಾ?"

ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ನೀವು ಬೇರೆ ಕಡೆ ನೀರು ಸಹಿತ ಮುಟ್ಟುವುದಿಲ್ಲವಲ್ಲ ಎಂದಳು. ಬಂದ ದಿನವೇ ನೀವು ಹೇಳಿದಿರಂತೆ. ಅಕ್ಕೋರಿಗೆ ನೇಮ ಐತಿ, ಕರೆದರೆ ಪಾಪ ಒಲ್ಲೆ ಅನ್ನಬೇಕಾಗುತ್ತದೆ, ಹಬ್ಬದ ದಿನ ಒಬ್ಬರ ಬಾಯಿಂದ ಒಲ್ಲೆ ಅನ್ನಿಸಬಾರದು ಎಂದು ಅತ್ತೆ ಎಲ್ಲರಿಗೂ ತಾಕೀತು ಮಾಡಿದ್ದರಂತೆ. ಕರೆಯುವ ಆಸೆ ಅತ್ತೆಗೆ ಬಹಳ ಇತ್ತು ಎಂದಳು. ತಡೀರಿ ಎಂದು ತಾಟನ್ನು ಕಟ್ಟೆಯ ಮೇಲಿಟ್ಟು ಒಳಗೆ ಓಡಿದಳು.

ತಂದದ್ದು ಹಳೆಯ ಬಿಳಿ ದುಪ್ಪಟ್ಟಾದಲ್ಲಿ ಕಟ್ಟಿದ ಗಂಟು. ಬಿಚ್ಚಿದಳು. ಮುಚ್ಚಳವಿರುವ ಒಂದು ಸಣ್ಣ ಸ್ಟೀಲ್ ಪಾತ್ರೆ, ಒಂದು ಸೌಟು, ಒಂದು ಬಟ್ಟಲು. ಒಲೆಯನ್ನೇ ಕಾಣದ ಪಾತ್ರೆ, ತಳದಲ್ಲಿ ಅಂಗಡಿಯ ಸ್ಟಿಕರ್ ಇನ್ನೂ ಇತ್ತು. ನಾನು ಮನೆಗೆ ಬಂದ ವಾರವೇ ಅಮ್ಮ ಬಜಾರಕ್ಕೆ ಹೋಗಿ ತಂದದ್ದಂತೆ.

"ನಮ್ಮದು ಮಾಂಸ ಬೇಯಿಸೋ ಮನಿ ಅಂತ ಇದನ್ನ ಬ್ಯಾರೇ ಇಟ್ಟಿದ್ರರೀ. ಅಕ್ಕೋರು ತಾವಾಗೇ ಒಂದ ದಿನ ಕೇಳ್ತಾರ, ಆವತ್ತ ಇದರಾಗ ಮಾಡ್ರಿ ಅಂದಿದ್ರು. ವರ್ಷಾ ವರ್ಷಾ ರಮ್ಜಾನ್ ಮುಂದ ತಾವ ತೊಳದ, ಒರಿಸಿ, ಮತ್ತ ಕಟ್ಟಿ ಇಡ್ತಿದ್ರು."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಗೋಡೆಯ ಈಚೆ ನಾನು, ಅವಳು ಕರೆಯಲಿ ಎಂದು ಕಾದೆ. ಆಚೆ ಅವಳು, ನಾನು ಕೇಳಲಿ ಎಂದು ಕಾದಳು. ಬಾಗಿಲು ಹಾಕಿದವಳು ನಾನೇ, ಅದೂ ಒಂದು ಸುಳ್ಳು ಹೇಳಿ. ಆಮೇಲೆ ಅವರು ಬಾಗಿಲು ತೆರೆಯುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅಷ್ಟರಲ್ಲಿ ನನಗೆ ನನ್ನ ಮನೆಯ ನೀಲಿ ಹೂವಿನ ಕಪ್ಪು ನೆನಪಾಯಿತು. ನಾನು ಕುಡಿಯುವುದು ಸ್ಟೀಲ್ ಲೋಟದಲ್ಲಿ. ಆ ಕಪ್ಪು ಅಮ್ಮನಿಗೆ ಮಾತ್ರ. ದೊಡ್ಡ ಕಪ್ಪು, ಅವಳಿಗೆ ಚಹಾ ಹೆಚ್ಚು ಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಉಳಿದ ಪಾತ್ರೆಗಳ ಜೊತೆ ಅದನ್ನು ಒಂದು ದಿನವೂ ಇಡಲಿಲ್ಲ, ಕಿಟಕಿಯ ಮೇಲೇ ಬೋರಲು ಹಾಕುತ್ತಿದ್ದೆ. ನಮ್ಮೂರ ಮನೆಯ ದನದ ಕೊಟ್ಟಿಗೆಯ ಗೂಡಿನಲ್ಲೂ ಹೀಗೇ ಒಂದು ಕಪ್ಪು ಇರುತ್ತಿತ್ತು. ಗಾದಿಯ ಅರಳೆ ಹಿಂಜಲು ಬರುತ್ತಿದ್ದ ಪಿಂಜಾರ ಕಾಕಾ ಅದರಲ್ಲಿ ಚಹಾ ಕುಡಿದು, ತಾನೇ ತೊಳೆದು, ತಾನೇ ಗೂಡಿನಲ್ಲಿಡುತ್ತಿದ್ದ. ಅಮ್ಮ, ನಾನು ಇಬ್ಬರೂ ಒಂದೊಂದು ಪಾತ್ರೆ ಬೇರೆ ಇಟ್ಟಿದ್ದೆವು, ಅವಳು ನನ್ನ ಮಡಿ ಉಳಿಯಲಿ ಎಂದು, ನಾನೂ ನನ್ನ ಮಡಿ ಉಳಿಯಲಿ ಎಂದು.

ಎಲ್ಲರಿಗೂ ಮಾಡಿದ್ದರಲ್ಲೇ ಒಂದು ಬಟ್ಟಲು ಕೊಡವ್ವಾ, ನನಗೆ ಯಾವ ನೇಮವೂ ಇಲ್ಲ ಎಂದೆ. ಅವಳು ಒಪ್ಪಲಿಲ್ಲ.

"ನಿಮ್ಮ ನೇಮ ನೀವ ಬಿಡ್ರಿ, ಅವರ ನೇಮ ನಾ ಬಿಡಂಗಿಲ್ಲ."

ತಾಟಿನ ಸಾಮಾನು ಮರಳಿ ಒಳಗೆ ಹೋಯಿತು, ಅದರ ಹಿಂದೆ ನಾನೂ ಹೋದೆ. ಹೊಸ ಪಾತ್ರೆ ಮೊದಲ ಸಲ ಒಲೆ ಏರಿತು. ಅಮ್ಮನ ಮಂಚದ ಮೇಲೆ ಹೊಸ ಚಾದರ ಹಾಸಿತ್ತು, ಅದರ ಮೇಲೆ ಯಾರೂ ಕೂತಿರಲಿಲ್ಲ. ಅದರ ಎದುರು ನೆಲದ ಮೇಲೆ ಕೂತು ತಿಂದೆ. ಉಪ್ಪುಪ್ಪಾಯಿತು, ಅದು ನನ್ನ ಕಣ್ಣೀರಿನದು. ಸೊಸೆ ನೋಡಿಯೂ ನೋಡದವಳ ಹಾಗೆ ಮತ್ತೊಂದು ಸೌಟು ಬಡಿಸಿದಳು. ಬರುವಾಗ ಆ ಪಾತ್ರೆಯನ್ನು ದುಪ್ಪಟ್ಟಾ ಸಮೇತ ನನ್ನ ಕೈಗಿಟ್ಟಳು, ಅದು ನಿಮ್ಮದೇ ಎಂದು.

ಮರುದಿನ ಸ್ಟಾಫ್ ರೂಮಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನು ಹೇಳಿದ್ದು ಸುಳ್ಳು, ಕರೆಯದಂತೆ ಮಾಡಿದವಳು ನಾನು ಎಂದೆ. ಕೇಳಿದರು. ಸಂಜೆ ಚಹಾಕ್ಕೆ ಬನ್ನಿ ಎಂದೆ. ಪರೀಕ್ಷೆಯ ಕೆಲಸವಿದೆ ಎಂದರು. ಗಣಿತದ ಮಾಸ್ತರರು ಒಂದು ಮನೆಯ ಮಾತು ಬೇರೆ ಎಂದರು. ಜಗಳವಾಡುವ ಶಕ್ತಿ ನನಗೆ ಅವತ್ತು ಇರಲಿಲ್ಲ.

ಮುಂದಿನ ಭಾನುವಾರ ತಮ್ಮ ಬಂದ. ಔಷಧಿ ಅಂಗಡಿಯ ಮುಂದಿನಿಂದ ಫೋನು, ಹೊರಗ ಬಾರ ಅಕ್ಕಾ ಎಂದು. ನಾನು ಹೋಗಲಿಲ್ಲ. ನಿನಗೆ ಸುರಕುಂಬಾ ಮಾಡಿದ್ದೇನೆ, ನುಗ್ಗೆಮರದ ಮನೆ, ಯಾರನ್ನು ಕೇಳಿದರೂ ತೋರಿಸುತ್ತಾರೆ, ಒಳಗೆ ಬಾ ಎಂದೆ. ಅವನು, ಚೀಲ ಅಂಗಡಿಯವನ ಹತ್ತಿರ ಇಟ್ಟಿರುತ್ತೇನೆ, ತಗೋ ಎಂದು ಫೋನ್ ಇಟ್ಟ. ನಾನು ಇನ್ನೊಂದು ಕುರ್ಚಿಯ ಸೀರೆಗಳನ್ನು ಎತ್ತಿ ಹಾಸಿಗೆಯ ಮೇಲಿಟ್ಟು ಕೂತೆ. ಎರಡು ತಾಸು ಕೂತೆ. ಸುರಕುಂಬಾ ಕೆನೆಗಟ್ಟಿ ತಣ್ಣಗಾಯಿತು, ಅದನ್ನು ಬಟ್ಟಲಿಗೆ ಸುರಿದು ಸೊಸೆಗೆ ಕೊಟ್ಟು ಬಂದೆ. ಪಾತ್ರೆ ತೊಳೆದೆ, ಒರೆಸಿದೆ, ಬಿಳಿ ದುಪ್ಪಟ್ಟಾದಲ್ಲಿ ಮತ್ತೆ ಕಟ್ಟಿ ಇಟ್ಟೆ. ಅಮ್ಮ ಆರು ವರ್ಷ ಕಾದಿದ್ದಳು. ನಾನು ಕಾದದ್ದು ಇನ್ನೂ ಎರಡು ತಾಸು.