ಅಕ್ಕ ಕೇಳಿ ಪಡೆದ ಮಹರ್

ಮೊನ್ನೆ ಹಂಪನಕಟ್ಟೆಯ ರಿಪೇರಿ ಅಂಗಡಿಯೊಂದಕ್ಕೆ ಕೊಡೆ ಕೊಡಲು ಹೋಗಿದ್ದೆ. ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಮೂಗಿಗೆ ಬಡಿದು ಕೊಡೆಯೇ ಮರೆತುಹೋಯಿತು. ಬಂದರಿನ ನಮ್ಮ ಓಣಿ, ಪಕ್ಕದ ಮನೆಯ ಬ್ಯಾರಿ ಅಕ್ಕ, ಅವಳ ಆ ನಗು...

ಐವತ್ತರ ದಶಕದ ಕೊನೆಯಿರಬೇಕು. ನಾನಿನ್ನೂ ಶಾಲೆಯ ಹುಡುಗಿ. ಅಕ್ಕನಿಗೆ ಹೊಲಿಗೆಯ ಹುಚ್ಚು. ಅವಳ ಗಂಡ ಒಣಮೀನಿನ ವ್ಯಾಪಾರಿ, ನನಗೆ ಭಾವ. ಒಳ್ಳೆಯವರೇ, ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಅಕ್ಕ ಮಿಷನ್ ಬೇಕೆಂದಾಗ, ನನ್ನ ಹೆಂಡತಿ ಊರವರ ರವಿಕೆ ಹೊಲಿಯುವುದೇ ಎಂದು ಹಾರಾಡಿದರು. ಮಾತಿಗೆ ಮಾತು ಬೆಳೆದು ಒಂದು ತಲಾಖ್ ಹೇಳಿಯೇಬಿಟ್ಟರು. ಹೇಳಿದ್ದು ಒಂದೇ ಸಲ. ಹೇಳಿ ತಾವೇ ಬೆವರಿದರು.

ಅಕ್ಕ ತವರಿಗೆ ಹೋಗುತ್ತಾಳೆಂದು ನಾವು ಎಣಿಸಿದ್ದೆವು. ಅವಳು ಕದಲಲಿಲ್ಲ. ತಲಾಖ್ ಆದ ಮೇಲೆ ಹೆಣ್ಣು ಕಾಯುವ ಮೂರು ತಿಂಗಳಷ್ಟು ಕಾಲಕ್ಕೆ ಇದ್ದತ್ ಎನ್ನುತ್ತಾರೆ. ಅಷ್ಟು ದಿನ ಗಂಡನ ಮನೆಯಲ್ಲೇ ಇರುವ ಹಕ್ಕು ತನಗುಂಟು ಎಂದಳು. ಅತ್ತೆಯ ಜೊತೆ ಒಳಗಿನ ಕೋಣೆ ಅವಳಿಗೆ, ಅಂಗಡಿಯ ಚಾಪೆ ಭಾವನಿಗೆ. ಅಷ್ಟರೊಳಗೆ ಭಾವ ಬಾಯಿಬಿಟ್ಟು "ನಿನ್ನನ್ನು ಮರಳಿ ಸ್ವೀಕರಿಸಿದೆ" ಎಂದರೆ ಸಾಕು, ಮದುವೆ ಉಳಿಯುತ್ತದೆ. ಆ ಪುಣ್ಯಾತ್ಮರ ಗಂಟಲಿನಿಂದ ಅದೊಂದು ಏಳಬೇಕಲ್ಲ! ಬಾಗಿಲಿಗೆ ಬರುವುದು, ಮಲ್ಲಿಗೆಯೋ ಅಂಜಲ್ ಮೀನೋ ಇಟ್ಟು ಕೆಮ್ಮುವುದು, ಹೋಗುವುದು. ಮಲ್ಲಿಗೆಯೆಲ್ಲ ನನ್ನ ಜಡೆಗೆ ಬಂತು.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು," ಎಂದು ನನ್ನ ಅಮ್ಮ ನಿಟ್ಟುಸಿರಿಟ್ಟಳು. ನಾವು ಕೊಂಕಣಿ ಕ್ರೈಸ್ತರು, ನಮ್ಮಲ್ಲಿ ಕಟ್ಟಿಕೊಂಡವರನ್ನು ಬಿಡುವ ಸುದ್ದಿಯೇ ಇಲ್ಲ.

"ಹೋದ ಮಾತನ್ನು ಮಾತೇ ಕರ್ಕೊಂಡು ಬರ್ಬೇಕು ಬಾಯಮ್ಮಾ. ಸತ್ತ ಅಂಜಲ್ ಮಾತಾಡ್ತದಾ?" ಎಂದಳು ಅಕ್ಕ. ನಕ್ಕಳು, ಆದರೆ ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು.

ಇದ್ದತ್ ಮುಗಿದೇ ಹೋಯಿತು. ಮರುದಿನ ಬೆಳಿಗ್ಗೆ ಭಾವ ಓಡಿಬಂದು, ಜಗಲಿಯಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದರು: "ಸ್ವೀಕರಿಸಿದೆ ಮಾರಾಯ್ತಿ, ಸ್ವೀಕರಿಸಿದೆ!"

ಅತ್ತೆ ಹಣೆ ಚಚ್ಚಿಕೊಂಡರು. "ನಿನ್ನೆ ಎಂತ ಆಗಿತ್ತು ನಿಂಗೆ? ಇನ್ನು ಹೊಸ ನಿಕಾಹ್ ಆಗ್ಬೇಕು, ಹೊಸ ಮಹರ್ ಕೊಡ್ಬೇಕು. ಅದೂ ಅವಳು ಒಪ್ಪಿದ್ರೆ!"

ಮಹರ್ ಎಂದರೆ ಗಂಡು ಹೆಣ್ಣಿಗೆ ಕೊಡುವ ಮದುವೆಯ ಉಡುಗೊರೆ, ಅವಳ ಸ್ವಂತದ್ದು. ಭಾವನ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಬಾಗಿಲ ಸಂದಿಯಿಂದ ಅಕ್ಕನ ದನಿ ಬಂತು.

"ಮೊದಲ ಸಲ ಚಿನ್ನ ಅಂತ ಅಪ್ಪ ಹೇಳಿದ್ದು. ಈ ಸಲ ನಾನು ಹೇಳ್ತೇನೆ. ಹೊಲಿಗೆ ಮಿಷನ್. ಕಾಲಲ್ಲಿ ತುಳಿಯುವಂಥದ್ದು."

ಓಣಿಗೆ ಓಣಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಭಾವ. ನಿಕಾಹಿನ ದಿನ ಕೈಗಾಡಿಯಲ್ಲಿ ಮಿಷನ್ ಬಂತು ನೋಡಿ, ಮದುಮಗಳಿಗಿಂತ ಹೆಚ್ಚು ಮಲ್ಲಿಗೆ ಅದಕ್ಕೇ! ಮುಂದೆ ನಾನು ಇಗರ್ಜಿಯಲ್ಲಿ ಮದುವೆಗೆ ನಿಂತಾಗ ತೊಟ್ಟ ರವಿಕೆಯೂ ಅದರಲ್ಲೇ ಹೊಲಿದದ್ದು.

ಅಕ್ಕ ತೀರಿಹೋದ ಮೇಲೊಮ್ಮೆ ಹೋದಾಗ ಮುದುಕರಾಗಿದ್ದ ಭಾವ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು.

"ಹೊಲಿಯಲಿಕ್ಕೆ ಯಾರುಂಟು ಭಾವಾ?" ಎಂದೆ.

"ಅವಳದ್ದಲ್ವಾ ಅದು. ತುಕ್ಕು ಹಿಡಿಸಿಟ್ರೆ ನಾಳೆ ಅಲ್ಲಿ ಅವಳಿಗೆ ಎಂತ ಹೇಳ್ಲಿ?"

ಈಗ ಅವರೂ ಇಲ್ಲ... ಅಂಗಡಿಯವನಲ್ಲಿ ಒಂದು ಸಣ್ಣ ಬಾಟ್ಲಿ ಎಣ್ಣೆ ಕೇಳಿ ತಂದೆ. ನನ್ನ ಮನೆಯಲ್ಲಿ ಮಿಷನ್ ಇಲ್ಲ.