ಹಲ್ಲು ಕೀಳುವ ಖಾನನ ಅಳು

ಶಾಯ್ಲೋಬೆಕ್ ಅಣ್ಣ ಹೊಟ್ಟೆಪಾಡಿಗೆ ಹಲ್ಲಿನ ಡಾಕ್ಟರು, ಉಳಿದಂತೆ ನಾಟಕಕಾರ, ನಟ. ಅಟ್‌ಬಾಶಿ ಎಂಬ ನಮ್ಮ ಬೆಟ್ಟದೂರಿನ ಆಸ್ಪತ್ರೆಯಲ್ಲಿ ನಾನು ಅವರ ನರ್ಸ್. ಇಕ್ಕಳ ಕೊಡುವುದು ನನ್ನ ಕೆಲಸ, ಸಂಭಾಷಣೆ ಕೇಳುವುದು ನನ್ನ ಕರ್ಮ. ಹೊಸದಾಗಿ ಬರೆದದ್ದನ್ನೆಲ್ಲ ಅವರು ರೋಗಿಗಳ ಮೇಲೇ ಪ್ರಯೋಗಿಸುತ್ತಿದ್ದರು. ಬಾಯಲ್ಲಿ ಹತ್ತಿ ತುರುಕಿಸಿಕೊಂಡವರು ಬೇಡ ಅನ್ನುವುದಾದರೂ ಹೇಗೆ?

"ನೋಡಿದ್ಯಾ ಬುರುಲ್, ಕಣ್ಣಲ್ಲಿ ನೀರು! ಎರಡನೇ ಅಂಕ ನಾಟಿದೆ."

"ನಾಟಿರೋದು ಅಂಕ ಅಲ್ಲಣ್ಣ, ಇಕ್ಕಳ. ಜೋಮು ಹಿಡಿಸೋ ಮದ್ದು ಇನ್ನೂ ಹತ್ತಿಲ್ಲ."

ವಸಂತದ ಹೊಸವರ್ಷ ತರುವ ಪ್ರತಿ ನೂರೂಜ್ ಹಬ್ಬಕ್ಕೂ ಊರಿನ ಸಭಾಭವನದಲ್ಲಿ ಅವರದೇ ನಾಟಕ, ಅವರೇ ದೊರೆ ಖಾನ. ಕೊನೆಯಲ್ಲಿ ಖಾನನ ಮಗ ಸಾಯಲೇಬೇಕು, ಖಾನ ಎದೆ ಬಡಿದುಕೊಂಡು ಅಳಲೇಬೇಕು. ಜನ ಮಾತ್ರ ನಗುತ್ತಿದ್ದರು. ನಿನ್ನೆ ತಮ್ಮ ದವಡೆಗೆ ಕೈಹಾಕಿದವನು ಇವತ್ತು ಕಿರೀಟ ಇಟ್ಟುಕೊಂಡು ಗೋಳಾಡಿದರೆ ಇನ್ನೇನು ಮಾಡಿಯಾರು?

ಆ ನಗುವನ್ನು ಅಣ್ಣ ಸಹಿಸಿಕೊಳ್ಳುತ್ತಿದ್ದರು. ಸಹಿಸಲಾಗದೆ ಇದ್ದದ್ದು ಕಾಚ್ಕಿನ್‌ನ ಒಂದೇ ಒಂದು ಮಾತು. ಕಾಚ್ಕಿನ್ ಹಾಲಿನ ಲಾರಿ ಡ್ರೈವರು, ಅಣ್ಣನ ಶಾಲೆಯ ಗೆಳೆಯ, ಎಲ್ಲ ನಾಟಕದಲ್ಲೂ ಖಳನಾಯಕ. ಮಗನನ್ನು ಕೊಂದು ಪರದೆಯ ಹಿಂದೆ ಹೋಗಿ ನಿಲ್ಲುವವನು, ಖಾನ ಅಳಲು ತೊಡಗಿದೊಡನೆ ಅಲ್ಲಿಂದಲೇ ಅನ್ನುತ್ತಿದ್ದ: "ಸುಳ್ಳು!"

"ಏನೋ ಸುಳ್ಳು?" ಎಂದು ಅಣ್ಣ ಪರದೆ ಬಿದ್ದಮೇಲೆ ಹಾರಾಡುತ್ತಿದ್ದರು.

"ನೀನು ಅಳ್ತಿಲ್ಲ ಕಣೋ. ಅಳೋನ ಥರ ಆಡ್ತಿದ್ದೀಯ."

"ನಾಟಕ ಅಂದ್ರೆ ಅದೇ ಅಲ್ವೇನೋ ಗೂಬೆ!"

"ನಾನು ಬಾಯಿ ಮುಚ್ಕೊಂಡಿರ್ತೀನಲ್ಲ, ಆವತ್ತು ನೀನು ನಟ ಆದೆ ಅಂತ ತಿಳ್ಕೋ."

ಜಿಲ್ಲಾಧಿಕಾರಿಯೇ ಬಂದು ಹೆಗಲಿಗೆ ಸನ್ಮಾನದ ನಿಲುವಂಗಿ ಹೊದಿಸಿದರೂ ಅಣ್ಣನಿಗೆ ಸಮಾಧಾನವಿರಲಿಲ್ಲ. ಕಾಚ್ಕಿನ್‌ನ ಬಾಯಿ ಮುಚ್ಚಿಸುವುದೊಂದೇ ಅವರ ಹಟ.

ಶರತ್ಕಾಲದಲ್ಲಿ ಕಾಚ್ಕಿನ್ ಲಾರಿಯ ಸೀಟಿನಲ್ಲೇ ಹೃದಯಾಘಾತವಾಗಿ ಸತ್ತ. ಅವನ ಮನೆಯಂಗಳದಲ್ಲಿ ಹೆಣವಿಡುವ ಸಾವಿನ ಗುಡಾರ ಎದ್ದಿತು. ನಮ್ಮಲ್ಲಿ ಗಂಡಸರು ದೂರದಿಂದಲೇ ಗಟ್ಟಿಯಾಗಿ ಅಳುತ್ತ ಬರಬೇಕು. ಗುಡಾರದೊಳಗೆ ಗೋಡೆಗೆ ಮುಖಮಾಡಿ ಕೂತ ಹೆಂಗಸರು ತಾವೂ ಅಳುತ್ತಲೇ, ಯಾರ ಗಂಟಲು ಹೇಗಿದೆ ಎಂದು ತೂಗಿ ನೋಡುತ್ತಾರೆ.

ಅಣ್ಣ ಆಸ್ಪತ್ರೆಯಲ್ಲೇ ಅಳು ಬರೆದು ಬಾಯಿಪಾಠ ಮಾಡುತ್ತಿದ್ದರು. "ಹಿಮದ ಶಿಖರವೇ, ಕುಸಿದೆಯಾ..."

"ಶಿಖರ ಎಲ್ಲಿಂದ ಬಂತಣ್ಣ? ಅವನು ಓಡಿಸ್ತಿದ್ದದ್ದು ಲಾರಿ."

"ಅಳೋವಾಗ ಲಾರಿ ಅನ್ನೋಕಾಗುತ್ತೇನೇ, ಪೆದ್ದಿ! ನೀನು ಮೊದಲೇ ಹೋಗಿ ಒಳಗೆ ಕೂತ್ಕೋ. ಹೇಗೆ ಕೇಳಿಸುತ್ತೆ ಅಂತ ಆಮೇಲೆ ಹೇಳು."

ಹೋಗಿ ಕೂತೆ. ಪದ್ಧತಿಯಂತೆ ಹೆಣವನ್ನು ಪರದೆ ಕಟ್ಟಿ ಮಲಗಿಸಿದ್ದರು. ಇಲ್ಲೂ ಕಾಚ್ಕಿನ್‌ನ ಜಾಗ ಪರದೆಯ ಹಿಂದೆಯೇ.

ಹೊರಗೆ ಅಣ್ಣನ ದನಿ ಎದ್ದಿತು. "ಹಿಮದ ಶಿಖ..." ಅಲ್ಲಿಗೇ ನಿಂತಿತು. ಎಂಥವರ ಬಾಯನ್ನಾದರೂ ತೆರೆಸುವ ಮನುಷ್ಯನಿಗೆ ತನ್ನ ಬಾಯಿ ತೆರೆಯಲಾಗಲಿಲ್ಲ. ಆಮೇಲೆ ರಾಗವಿಲ್ಲದ, ಹರಿದ ದನಿಯೊಂದು ಬಂತು.

"ಕಾಚ್ಕಿನ್! ಏಳೋ! ಹಾಲು ಕೆಟ್ಟುಹೋಗುತ್ತೆ ಕಣೋ, ಲಾರಿ ತೆಗಿಯೋ!"

ಹೆಂಗಸರಲ್ಲಿ ಹಿರಿಯಳಾದ ಜೂರಾಕಾನ್ ಅಜ್ಜಿ ತನ್ನ ಅಳುವನ್ನೇ ಮರೆತು ಕಿವಿಗೊಟ್ಟಳು. ನನಗಂತೂ ದುಃಖ ತಡೆಯಲಾಗಲಿಲ್ಲ.

ಗಂಡಸರು ಮಣ್ಣು ಮಾಡಿ ಬಂದಮೇಲೆ ಎಲ್ಲರೂ ಸಾವಿನೂಟದ ಮಾಂಸಕ್ಕೆ ಕೂತಾಗ ಅಜ್ಜಿ ಎಲ್ಲರೆದುರು ಹೊಗಳಿದಳು. "ಏನು ಪಾರ್ಟು ಮಾಡಿದ್ಯಪ್ಪಾ ಡಾಕ್ಟ್ರೇ! ನಲವತ್ತನೇ ದಿನದ ಊಟಕ್ಕೂ ಬಂದು ಹೀಗೇ ಮಾಡು."

ಅಣ್ಣ ಕೆಂಡವಾಗುತ್ತಾರೆ ಅಂದುಕೊಂಡೆ. ಬಾಯಿ ತೆರೆದದ್ದೂ ನಿಜ. ಆದರೆ ಹಾಳಾದ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು; ನೂರೂಜ್ ದಿನ ರಂಗದ ಮೇಲೆ ಬಾಗುವಂತೆಯೇ ಬಾಗಿಬಿಟ್ಟರು. ಥೂ, ಈ ಕಲಾವಿದರ ಜಾತಿಯೇ ಇಷ್ಟು!

ಆಮೇಲೆ ನನ್ನನ್ನು ಅಂಗಳದಲ್ಲಿ ಚಹಾ ಕುದಿಯುತ್ತಿದ್ದ ಸಮೋವಾರಿನ ಹಿಂದಕ್ಕೆ ಕರೆದರು.

"ಒಳಗಿದ್ದವಳು ನೀನು. ಪರದೆ ಹಿಂದಿಂದ ಅವನೇನಂದ?"

ಬೇರೆ ದಿನವಾಗಿದ್ದರೆ ಬೈದುಬಿಡುತ್ತಿದ್ದೆ.

"ಏನೂ ಅನ್ನಲಿಲ್ಲಣ್ಣ."

"ಒಂದು ಮಾತೂ?"

"ಇಲ್ಲ. ಬಾಯಿ ಮುಚ್ಕೊಂಡಿದ್ದ."

ಅಣ್ಣ ಸೌದೆರಾಶಿಯ ಮೇಲೆ ಕುಸಿದು ತೋಳಿನಲ್ಲಿ ಮುಖ ಮುಚ್ಚಿಕೊಂಡರು. ಈ ಸಲದ ಅಳು ಯಾರಿಗೂ ಕೇಳಿಸಲಿಲ್ಲ.